ಮೂರನೇ ಸಿಲಿಂಡರಿನ ಮಿಸ್ಸಿಂಗು

ಹಳೇ ಕಾರು ಇಟ್ಟುಕೊಂಡವರಿಗೆ ಕಾಲಕ್ರಮೇಣ ಮೂರನೆಯದೊಂದು ಕಿವಿ ಹುಟ್ಟುತ್ತದೆ. ಪಕ್ಕದಲ್ಲಿ ಹೆಂಡತಿ ಮಾತಾಡುತ್ತಿರಲಿ, ರೇಡಿಯೋ ಹಾಡುತ್ತಿರಲಿ, ಆ ಕಿವಿ ಮಾತ್ರ ಬಾನೆಟ್ಟಿನ ಕಡೆಗೇ ಇರುತ್ತದೆ. ಇದು ಟೈರಿನ ಸದ್ದು, ಇದು ಬೆಲ್ಟಿನದು, ಇದು ಡಿಕ್ಕಿಯಲ್ಲಿರುವ ಜಾಕಿಯದು ಅಂತ ಅದು ಒಂದೊಂದಾಗಿ ಗುರುತಿಸಿ ಬದಿಗಿಡುತ್ತಾ ಹೋಗುತ್ತದೆ. ಗುರುತು ಸಿಗದ ಸದ್ದು ಬಂದ ದಿನ ಮಾತ್ರ ಊಟ ರುಚಿಸುವುದಿಲ್ಲ. ನಿಮ್ಮಲ್ಲಿ ಎಷ್ಟು ಜನರಿಗೆ ಈ ಕಿವಿ ಇದೆಯೋ ನನಗೆ ಗೊತ್ತಿಲ್ಲ, ಇದ್ದವರು ಮುಂದೆ ಓದಿ.

ನನ್ನ ಗಾಡಿ 2008ರದು. ಯಾವ ಕಂಪನಿ ಅಂತ ಕೇಳಬೇಡಿ. 1,72,000 ಕಿಲೋಮೀಟರ್ ಓಡಿದ ಮೇಲೆ ಏನಾದರೂ ಕೆಟ್ಟರೆ ಕಂಪನಿಯನ್ನು ಬೈಯುವುದು ನ್ಯಾಯವಲ್ಲ. 1.1 ಲೀಟರಿನ, ನಾಲ್ಕು ಸಿಲಿಂಡರಿನ, ಎತ್ತರದ ಮೈಯ ಸಣ್ಣ ಕಾರು. 2013ರಲ್ಲಿ ಸಿಎನ್‌ಜಿ ಕಿಟ್ ಹಾಕಿಸಿದೆ. 2023ರಲ್ಲಿ 15 ವರ್ಷ ತುಂಬಿದಾಗ ಆರ್‌ಟಿಓಗೆ ಹೋಗಿ, ಫಿಟ್‌ನೆಸ್ ಮಾಡಿಸಿ, 5,000 ರೂಪಾಯಿ ಶುಲ್ಕ ಕಟ್ಟಿ (2022ರ ಏಪ್ರಿಲ್‌ಗೆ ಮೊದಲು ಇದು 600 ಇತ್ತು!), ಹಸಿರು ತೆರಿಗೆಯನ್ನೂ ಕಟ್ಟಿ 2028ರವರೆಗೆ ಮರು ನೋಂದಣಿ ಮಾಡಿಸಿದ್ದೇನೆ. ಅಷ್ಟು ಖರ್ಚು ಮಾಡಿದ ಮೇಲೆ 2028ರವರೆಗಾದರೂ ಓಡಲೇಬೇಕು ಅನ್ನುವುದು ಬ್ಯಾಂಕಿನವನ ಲೆಕ್ಕ.

2025ರ ಜೂನ್ ಕೊನೆ. ಸಾತಾರಾದಲ್ಲಿ ಸಹೋದ್ಯೋಗಿಯ ಮಗನ ಮದುವೆ. ಪುಣೆಯಿಂದ ಹೊರಟು ಕಾತ್ರಜ್ ಸುರಂಗ ದಾಟುವವರೆಗೆ ಎಲ್ಲಾ ಸರಿ. ಖಂಬಾಟಕಿ ಘಾಟು ಹತ್ತುವಾಗ, ಮುಂದೆ ಕಬ್ಬಿನ ಟ್ರಾಲಿ, ಸಣ್ಣ ಮಳೆ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ನಡುಗಿತು. ನಿಲ್ಲಲಿಲ್ಲ, ಆದರೆ ಒಂದು ಕಾಲು ಉಳುಕಿದ ಎತ್ತಿನ ಹಾಗೆ ಹೆಜ್ಜೆ ತಪ್ಪಿತು. ಗ್ಯಾಸಿನಿಂದ ಪೆಟ್ರೋಲಿಗೆ ಬದಲಿಸಿದೆ, ಸ್ವಲ್ಪ ಸುಧಾರಿಸಿತು. ಘಾಟು ಹತ್ತಿ ಸಮತಟ್ಟಾದ ಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಓಡಿತು. ನಂತರದ ಎರಡು ವಾರಗಳಲ್ಲಿ ಪೆಟ್ರೋಲಿನಲ್ಲೂ ಶುರುವಾಯಿತು, ಆಮೇಲೆ ಸಿಗ್ನಲ್ಲಿನಲ್ಲಿ ನಿಂತಾಗಲೂ.

ಇದಕ್ಕೆ ಮೆಕ್ಯಾನಿಕ್‌ಗಳ ಬಾಯಲ್ಲಿ, ಹುಬ್ಬಳ್ಳಿಯಿಂದ ದಿಲ್ಲಿಯವರೆಗೆ, ಒಂದೇ ಹೆಸರು: ಮಿಸ್ಸಿಂಗ್. "ಗಾಡಿ ಮಿಸ್ಸಿಂಗ್ ಹೊಡೀತೈತಿ." ಅರ್ಥ ಇಷ್ಟೇ, ನಾಲ್ಕರಲ್ಲಿ ಯಾವುದೋ ಒಂದು ಸಿಲಿಂಡರ್ ತನ್ನ ಸರದಿ ಬಂದಾಗ ಉರಿಯುತ್ತಿಲ್ಲ. ಸುಮ್ಮನೆ ನಿಂತಾಗ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯಬೇಕು, ಅಂದರೆ ನಿಮಿಷಕ್ಕೆ 400 ಸಲ. ಅದು ಕೈಕೊಟ್ಟರೆ ಸೆಕೆಂಡಿಗೆ ಆರೇಳು ಹೆಜ್ಜೆ ತಪ್ಪುತ್ತದೆ. ಸೀಟು ನಡುಗದೆ ಇನ್ನೇನು? ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆ (ರಾತ್ರಿ ನಿದ್ದೆ ಬಾರದಾಗ ಇಂಥವೆಲ್ಲ ಹೊಳೆಯುತ್ತವೆ). ಸರಾಸರಿ ಗಂಟೆಗೆ 40 ಕಿಲೋಮೀಟರ್, ನಿಮಿಷಕ್ಕೆ 2,000 ಸುತ್ತು ಅಂತ ಹಿಡಿದರೂ 1,72,000 ಕಿಲೋಮೀಟರಿಗೆ ಒಂದೊಂದು ಸಿಲಿಂಡರ್ ಸುಮಾರು 25 ಕೋಟಿ ಸಲ ಉರಿದಿದೆ. ಅಷ್ಟು ಸಲ ತಪ್ಪದೆ ಎಂಟ್ರಿ ಹಾಕಿದ ಕ್ಲರ್ಕು ಸುಸ್ತಾದರೆ ಬೈಯಲಿಕ್ಕೆ ನಾಲಿಗೆ ಏಳುವುದಿಲ್ಲ.

ಇಷ್ಟಕ್ಕೇ ಆಗಿದ್ದರೆ ಗಾಡಿಯನ್ನು ಮಳೆಗಾಲ ಮುಗಿಯುವವರೆಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ಬಿಟ್ಟು ಬಸ್ಸಿನಲ್ಲಿ ಓಡಾಡಬಹುದಿತ್ತು. ಆದರೆ ಅವ್ವನನ್ನು ಕರೆತರಬೇಕಿತ್ತು.

ಅವ್ವ ಗದಗಿನಲ್ಲಿ ತಮ್ಮನ ಮನೆಯಲ್ಲಿದ್ದಳು. 82 ವರ್ಷ. ಏಪ್ರಿಲ್‌ನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಹುಬ್ಬಳ್ಳಿಯಲ್ಲಿ ಸೊಂಟದ ಕೀಲಿನ ಆಪರೇಷನ್ ಆಗಿತ್ತು. ತಮ್ಮನಿಗೆ ವರ್ಗವಾಗಿ ಆಗಸ್ಟಿನಲ್ಲಿ ಮನೆ ಖಾಲಿ ಮಾಡುವುದಿತ್ತು. ತಗ್ಗಿನ ಸೀಟಿನಲ್ಲಿ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂರಿಸಲೇಬಾರದು ಅಂತ ಡಾಕ್ಟರು ಹೇಳಿದ್ದರು. ರೈಲು, ಬಸ್ಸು ಮೆಟ್ಟಿಲ ಕಾರಣಕ್ಕೇ ಇಲ್ಲ. ಬಾಡಿಗೆ ಕಾರು ಮಾಡಬಹುದಿತ್ತಲ್ಲ ಅನ್ನುತ್ತೀರಿ. ತಮ್ಮ ಒಂದು ಮಾಡಿಸಿಯೂ ನೋಡಿದ. ಡ್ರೆಸಿಂಗಿಗೆ ಅಂತ ಉದ್ದನೆಯ ತಗ್ಗು ಕಾರಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರೆ ಇಳಿಯುವಾಗ ಅವ್ವನ ಕಣ್ಣಲ್ಲಿ ನೀರು. ಅಂದು ರಾತ್ರಿ ಫೋನಿನಲ್ಲಿ ಒಂದೇ ಮಾತು: "ನಿನ್ನ ಗಾಡಿ ತಗೊಂಡು ಬಾ, ಬರ್ತೀನಿ. ಅದರಾಗ ಹೆಂಗ ಏರಬೇಕು, ಹೆಂಗ ಇಳೀಬೇಕು ನನಗ ಗೊತ್ತೈತಿ." ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದಾದ ಸೀಟು ಅದರದ್ದು. ಅಪ್ಪ ಇದ್ದಾಗ ಇಬ್ಬರನ್ನೂ ಅದರಲ್ಲೇ ಪಂಢರಪುರ, ಕೊಲ್ಹಾಪುರ ಅಂತ ಸುತ್ತಿಸಿದ್ದೆ. ಪಂಚಮಿ ಉಂಡಿ ತಿಂದೇ ಗದಗ ಬಿಡುವುದು ಅಂತ ಅವ್ವನ ಇನ್ನೊಂದು ಕರಾರು. ಅಂದರೆ ನನ್ನ ಕೈಯಲ್ಲಿದ್ದದ್ದು ಮೂರು ವಾರ. ಹೋಗುವ ದಾರಿ ಸುಮಾರು 490 ಕಿಲೋಮೀಟರು, ಬರುವಾಗ ಅಷ್ಟೇ. ನಿಪ್ಪಾಣಿಯ ಆಚೆ ಎಲ್ಲೋ ಮಳೆಯಲ್ಲಿ, ಅವ್ವನನ್ನು ಕೂರಿಸಿಕೊಂಡು ನಿಂತುಬಿಡುವ ಗಾಡಿ ನನಗೆ ಬೇಡ.

ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಎಸಿ ಕೋಣೆ, ಕಾಫಿ ಮಿಷನ್ನು, ಟೈ ಕಟ್ಟಿದ ಹುಡುಗ. ಸ್ಕ್ಯಾನರ್ ಜೋಡಿಸಿದ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ ಅನ್ನುವ ವ್ಯವಸ್ಥೆ ಕಡ್ಡಾಯವಾಗಿ ಬಂದದ್ದು 2010ರಿಂದ ಈಚೆಗೆ. ಹೊಸ ಗಾಡಿಯಾದರೆ ಸ್ಕ್ಯಾನರಿನಲ್ಲಿ ಪಿ0303 ಅಂತ ಬಂದರೆ ಮೂರನೇ ಸಿಲಿಂಡರ್ ಮಿಸ್ ಅಂತಲೇ ಅರ್ಥ, ಪಿ0300 ಅಂದರೆ ಒಂದೇ ಅಂತ ಇಲ್ಲ, ಅಲ್ಲಲ್ಲಿ. ನನ್ನ ಗಾಡಿಯ ಕಂಪ್ಯೂಟರಿಗೆ ಅಷ್ಟು ಜ್ಞಾನವಿಲ್ಲ. ಅದು ಹೇಳಿದ್ದು ಒಂದೇ ಮಾತು, ಆಕ್ಸಿಜನ್ ಸೆನ್ಸರ್ ಪ್ರಕಾರ ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ. ಹುಡುಗ ಎಸ್ಟಿಮೇಟ್ ಮುದ್ರಿಸಿ ಕೊಟ್ಟ. ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ, ಕಾಯಿಲ್, ಪ್ಲಗ್, ವೈರು, ಪೆಟ್ರೋಲ್ ಪಂಪು... ಒಟ್ಟು 41,600. "ಇಷ್ಟಾದರೂ ಹೋಗದಿದ್ದರೆ ಎಂಜಿನ್ ಬಿಚ್ಚಬೇಕಾಗುತ್ತೆ ಸರ್." ಪಕ್ಕದ ಮೇಜಿನಲ್ಲಿ ಎಕ್ಸ್‌ಚೇಂಜ್ ಆಫರಿನ ಕರಪತ್ರ ಅದಾಗಲೇ ಸಿದ್ಧವಾಗಿತ್ತು.

ನಾನು ಮೆಕ್ಯಾನಿಕ್ ಅಲ್ಲ, ಬರೀ ಬಿಕಾಂ. ಆದರೆ ಆ ಪಟ್ಟಿ ನೋಡಿದಾಗ ನನಗೆ ಕಿರಿಕಿರಿಯಾದದ್ದು ಮೊತ್ತಕ್ಕಲ್ಲ. 92ರಲ್ಲಿ ನಾನು ಬ್ಯಾಂಕು ಸೇರಿದಾಗ ನಮ್ಮ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತಿಂಗಳ ಕೊನೆಗೆ ಲೆಡ್ಜರು ಟ್ಯಾಲಿ ಆಗದಿದ್ದರೆ ರಾತ್ರಿ ಒಂಬತ್ತು, ಹತ್ತು. ಆಗ ನಮ್ಮ ಹಳೆಯ ಅಕೌಂಟೆಂಟ್ ಸಾಹೇಬರು ಎಲ್ಲ ಪುಟಗಳನ್ನೂ ಮತ್ತೆ ಕೂಡಿಸಿರಿ ಅನ್ನುತ್ತಿರಲಿಲ್ಲ. ಮೊದಲು ವ್ಯತ್ಯಾಸವನ್ನೇ ನೋಡುತ್ತಿದ್ದರು. ಅದು ಒಂಬತ್ತರಿಂದ ಭಾಗವಾದರೆ ಯಾರೋ 54ನ್ನು 45 ಅಂತ ಬರೆದಿರಬೇಕು. ಎರಡರಿಂದ ಭಾಗವಾದರೆ ಅದರ ಅರ್ಧದ ಮೊತ್ತ ಖರ್ಚಿನ ಬದಲು ಜಮೆಗೆ ಹೋಗಿರಬಹುದು. ತಪ್ಪಿಗೂ ಒಂದು ಆಕಾರ ಇರುತ್ತದೆ, ಅದನ್ನು ಓದಿದರೆ ಯಾವ ಪುಟ ತೆಗೆಯಬೇಕೆಂದು ತಿಳಿಯುತ್ತದೆ. ಈ ಎಸ್ಟಿಮೇಟಿನಲ್ಲಿ ಓದಿದ್ದೇ ಇರಲಿಲ್ಲ. ಎಲ್ಲ ಪುಟಗಳನ್ನೂ ಹರಿದು ಹೊಸ ಲೆಡ್ಜರು ಹಾಕೋಣ ಅನ್ನುವ ಧಾಟಿ ಅದು.

ನಮ್ಮ ಶಾಖೆಯ ಪ್ಯೂನ್ ಭೋಸರಿಯ ಒಬ್ಬ ಮಿಸ್ತ್ರಿಯ ಹೆಸರು ಹೇಳಿದ. ಹೋಗಿ ನೋಡಿದರೆ ನಮ್ಮವರೇ! ಇಂಡಿ ತಾಲೂಕಿನವರು, ಪುಣೆಗೆ ಬಂದು ಮೂವತ್ತೈದು ವರ್ಷ. ತಗಡಿನ ಶೆಡ್ಡು, ಗೋಡೆಗೆ ಸಿದ್ಧೇಶ್ವರ ಸ್ವಾಮಿಗಳ ಫೋಟೋ. ನನ್ನ ಮರಾಠಿಯ ರಾಗ ಕೇಳಿಯೇ "ಯಾವೂರ್ರೀ ಸಾಹೇಬ್ರ ನಿಮ್ಮದು?" ಅಂದರು. ಗಾಡಿ ಆಫ್ ಮಾಡಲು ಹೋದೆ. "ಬಂದ್ ಮಾಡಬ್ಯಾಡ್ರೀ, ಚಾಲೂನ ಇರಲಿ. ಒಂದೀಟು ಮಾತಾಡಲಿ ಅದು." ಸೈಲೆನ್ಸರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಹಿಡಿದರು. ಪುಕ್ ಪುಕ್ ಪುಕ್, ಖಾಲಿ, ಪುಕ್ ಪುಕ್ ಪುಕ್, ಖಾಲಿ. "ತಾಳ ತಪ್ಪಿಲ್ಲ ನೋಡ್ರಿ. ಪ್ರತೀ ನಾಕಕ್ಕ ಒಂದು ಮಿಸ್. ಅಂದ್ರ ಒಂದ ಸಿಲಿಂಡರು."

ಆ ಒಂದು ಮಾತಿಗೆ ಎಸ್ಟಿಮೇಟಿನ ಅರ್ಧ ಪಟ್ಟಿ ಉದುರಿತು. ಪಂಪು ಕೆಟ್ಟಿದ್ದರೆ ನಾಲ್ಕೂ ಸಿಲಿಂಡರಿಗೆ ಪೆಟ್ರೋಲು ಕಡಿಮೆಯಾಗಬೇಕು. ಥ್ರಾಟಲ್ ಬಾಡಿ ನಾಲ್ಕಕ್ಕೂ ಒಂದೇ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತೀರ್ಪು ಕೊಟ್ಟಿದ್ದು ಎಥನಾಲ್ ಪೆಟ್ರೋಲಿನ ಮೇಲೆ, ಈಗ ಬಂಕುಗಳಲ್ಲಿ ಸಿಗುವ 20 ಪರ್ಸೆಂಟಿನದು. ಅದರ ಬಗ್ಗೆ ಹಳೇ ಗಾಡಿಯವರಿಗೆ ಬೇರೆ ತಕರಾರುಗಳಿವೆ, ರಬ್ಬರು ಪೈಪು, ಮೈಲೇಜು ಇತ್ಯಾದಿ. ಮಿಸ್ತ್ರಿ ನಕ್ಕರು: "ಪೆಟ್ರೋಲು ಬರೇ ಮೂರನೇದಕ್ಕ ಸಿಟ್ಟು ಮಾಡ್ಕೊಂಡೈತೇನ್ರೀ?"

ಹಾಂ, ಮೂರನೆಯದು. ಅದನ್ನು ಗುರುತಿಸಿದ್ದು ಹೀಗೆ. ಪೆಟ್ರೋಲಿನಲ್ಲಿ ಓಡುತ್ತಿರುವಾಗ ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಕಳಚಿ ಮತ್ತೆ ಹಾಕಿದರು. ಒಂದನೆಯದು ಕಳಚಿದಾಗ ಎಂಜಿನ್ ಇನ್ನಷ್ಟು ಮುಗ್ಗರಿಸಿತು. ಎರಡು, ನಾಲ್ಕು, ಅದೇ ಕಥೆ. ಮೂರನೆಯದು ಕಳಚಿದಾಗ ಏನೂ ವ್ಯತ್ಯಾಸವಿಲ್ಲ. ರಜೆ ಹಾಕಿದರೂ ಗೊತ್ತಾಗದ ನೌಕರ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಅಂತ ತಾನೆ? (ಪ್ಲಗ್ ವೈರನ್ನೇ ಕಿತ್ತು ನೋಡುವ ಹಳೇ ಪದ್ಧತಿಯೂ ಇದೆ. ಅದರಲ್ಲಿ ಹರಿಯುವುದು ಸಾವಿರಾರು ವೋಲ್ಟು, ನೀವು ಮಾಡಲು ಹೋಗಬೇಡಿ.)

ಆಕ್ಸಿಜನ್ ಸೆನ್ಸರಿನ ಕಥೆಯೂ ಆಗಲೇ ತಿಳಿಯಿತು. ಒಂದು ಸಿಲಿಂಡರ್ ಉರಿಯದಿದ್ದರೆ ಅದರೊಳಗಿನ ಆಮ್ಲಜನಕ ಹಾಗೇ ಹೊಗೆಕೊಳವೆಗೆ ಬರುತ್ತದೆ. ಸೆನ್ಸರು ಅದನ್ನು ನೋಡಿ ಗಾಳಿ ಜಾಸ್ತಿ ಅನ್ನುತ್ತದೆ. ಅದು ಹೇಳಿದ್ದು ನಿಜವೇ. ನಿಜ ಹೇಳಿದ ಸಾಕ್ಷಿಯನ್ನು ಹಿಡಿದು ಜೈಲಿಗೆ ಹಾಕುವ ಕೆಲಸ ಆ ಎಸಿ ಕೋಣೆಯಲ್ಲಿ ನಡೆದಿತ್ತು. ಜೊತೆಗೆ ಉರಿಯದ ಪೆಟ್ರೋಲು ಹೋಗಿ ಕೆಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಸುಟ್ಟುಹಾಕುತ್ತದೆ. ಮಿಸ್ಸಿಂಗ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಬಾರದು ಅನ್ನುವುದು ಇದಕ್ಕೇ. ಹೊಸ ಗಾಡಿಗಳಲ್ಲಿ ಎಂಜಿನ್ ದೀಪ ಮಿಣುಕಿದರೆ ಅದು ಈ ಎಚ್ಚರಿಕೆ.

ಇನ್ನು ಮೂರನೆಯದು ಯಾಕೆ ಉರಿಯುತ್ತಿಲ್ಲ? ಕಿಡಿ ಇಲ್ಲವೋ, ಪೆಟ್ರೋಲಿಲ್ಲವೋ, ಒತ್ತಡ ಇಲ್ಲವೋ, ಮೂರರಲ್ಲಿ ಒಂದು. ಪ್ಲಗ್ ಬಿಚ್ಚಿದರು. ಉಳಿದ ಮೂರು ಬಿಸ್ಕತ್ತಿನ ಬಣ್ಣಕ್ಕಿದ್ದರೆ ಇದು ಕಪ್ಪಗೆ, ಒದ್ದೆ. ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ. ಆಯಿಲ್ಲಿನ ಜಿಡ್ಡಿಲ್ಲ. ಸರಿ, ಪೆಟ್ರೋಲು ಬರುತ್ತಿದೆ. ಇಂಜೆಕ್ಟರು ನಿರಪರಾಧಿ. ಕಾಯಿಲ್? ಈ ಗಾಡಿಯಲ್ಲಿ ಒಂದು ಕಾಯಿಲ್ ಒಂದು ಮತ್ತು ನಾಲ್ಕಕ್ಕೆ, ಇನ್ನೊಂದು ಎರಡು ಮತ್ತು ಮೂರಕ್ಕೆ. ಕಾಯಿಲ್ ಹೋಗಿದ್ದರೆ ಎರಡನೆಯದೂ ಸಾಮಾನ್ಯವಾಗಿ ಕೈ ಎತ್ತಬೇಕಿತ್ತು. ಆಮೇಲೆ ನನಗೆ ಬಹಳ ಹಿಡಿಸಿದ ಕೆಲಸ ಮಾಡಿದರು. ಏನನ್ನೂ ಕೊಳ್ಳಲಿಲ್ಲ. ಎರಡನೆಯದರ ಪ್ಲಗ್ಗನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿದರು. ಮಿಸ್ಸಿಂಗ್ ಮೂರರಲ್ಲೇ ಉಳಿಯಿತು. ಪ್ಲಗ್ ಅಲ್ಲ. ಆಮೇಲೆ ವೈರು ಅದಲುಬದಲು. ಈಗ ರೇಸ್ ಕೊಟ್ಟರೆ ಎರಡನೆಯದು ಮುಗ್ಗರಿಸತೊಡಗಿತು! ರೋಗ ವೈರಿನ ಬೆನ್ನು ಹತ್ತಿ ಹೋಗಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಯಾವುದು ಕಳ್ಳ ಅಂತ ಹೇಗೆ ಗೊತ್ತಾಗಬೇಕು?

ಶೆಡ್ಡಿನ ದೀಪ ಆರಿಸಿ, ವೈರಿನ ಮೇಲೆ ನೀರು ಚಿಮುಕಿಸಿ ತೋರಿಸಿದರು. ಕತ್ತಲಲ್ಲಿ ವೈರಿನ ಮಧ್ಯದಿಂದ ಎಂಜಿನ್ನಿನ ಕಬ್ಬಿಣಕ್ಕೆ ನೀಲಿ ಕಿಡಿ ಚಟ್ ಚಟ್ ಹಾರುತ್ತಿತ್ತು. ಖಂಬಾಟಕಿ ಘಾಟಿನ ಒಗಟು ಅಲ್ಲಿ ಬಿಡಿಸಿಕೊಂಡಿತು. ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ಗ್ಯಾಸಿನಲ್ಲಿ ಇನ್ನೂ ಹೆಚ್ಚು. ನಮ್ಮ ಹೊಲದ ಕಾಲುವೆಯ ಮಡೆ ಕಟ್ಟಿದಾಗ ನೀರು ಇಲಿ ಬಿಲ ಹುಡುಕಿಕೊಂಡು ಬದುವು ಒಡೆಯುವುದಿಲ್ಲವೇ, ಹಾಗೆ. ಮಳೆಯ ತೇವ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಹೊಸ ವೈರುಗಳ ಸೆಟ್ಟು 1,450, ಪ್ಲಗ್ಗುಗಳು 640. ವಾರಜೆ ಸೇತುವೆ ದಾಟಿ ಕಾತ್ರಜ್ ಏರು ಹತ್ತಿಸಿದೆ, ನೀರಿನ ಹಾಗೆ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಎರಡೇ ದಿನ. ಬೆಳಿಗ್ಗೆ ತಣ್ಣಗಿದ್ದಾಗ ಸರಿ, ಏರಿನಲ್ಲಿ ಸರಿ. ಅರ್ಧ ಗಂಟೆ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ಸೀಟಿನಡಿ ಮತ್ತೆ ಅದೇ ನಡುಕ. ಹೆಂಡತಿ "ನಿಮಗೆ ಭ್ರಮೆ" ಅಂದಳು. ಡ್ಯಾಶ್‌ಬೋರ್ಡಿನ ಮೇಲೆ ನೀರಿನ ಲೋಟ ಇಟ್ಟು ತೋರಿಸಿದೆ. ಮಿಸ್ತ್ರಿಯ ಮುಖ ಈ ಸಲ ಗಂಭೀರವಾಯಿತು. ಕಿಡಿ ಇದೆ, ಪೆಟ್ರೋಲಿದೆ. ಉಳಿದದ್ದು ಒಂದೇ. "ಕಂಪ್ರೆಶನ್ ನೋಡೋಣ್ರೀ. ಖರೇ ಹೇಳ್ತೀನಿ, ರಿಂಗ್ ಹೋಗಿದ್ರ ಈ ಗಾಡಿಗೆ ದುಡ್ಡು ಹಾಕಬ್ಯಾಡ್ರಿ."

ಪಂಚಮಿಗೆ ಹತ್ತು ದಿನ ಇತ್ತು. ಬಿಸಿ ಎಂಜಿನ್, ನಾಲ್ಕೂ ಪ್ಲಗ್ ಹೊರಗೆ, ಪೆಟ್ರೋಲು ಬಂದ್, ನಾನು ಆಕ್ಸಿಲರೇಟರ್ ಪೂರ್ತಿ ಒತ್ತಿ ಕೀಲಿ ತಿರುಗಿಸುವುದು, ಅವರು ಗೇಜು ನೋಡುವುದು. ಒಂದು, 170. ಎರಡು, 168. ಮೂರು, 125. ನಾಲ್ಕು, 170. ಆ 125 ಕೇಳಿದಾಗ ನನಗೆ ಬ್ಯಾಂಕಿನಲ್ಲಿ ಸಾಲಗಾರನ ಖಾತೆ ಎನ್‌ಪಿಎ ಆದಾಗಿನ ಅನುಭವ. ಮಿಸ್ತ್ರಿ ಮೂರನೆಯದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಲು ಹೇಳಿದರು. ಆಯಿಲ್ ಪಿಸ್ಟನ್ ರಿಂಗುಗಳ ಸಂದಿ ಮುಚ್ಚುತ್ತದೆ. ಗೇಜು ಜೋರಾಗಿ ಏರಿದರೆ ಸೋರಿಕೆ ರಿಂಗಿನದು, ಅಂದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ. ಏರದಿದ್ದರೆ ಮೇಲೆ, ವಾಲ್ವಿನದು. ಏರಬೇಡ ಅಂತ ನಾನು ಹರಕೆ ಹೊರುವುದೊಂದು ಬಾಕಿ. 130. ಐದೇ ಐದು. "ರಿಂಗ್ ಗಟ್ಟಿ ಅದಾವ್ರೀ! ಗಾಡಿ ಇಲ್ಲೇ ಬಿಟ್ಟು ಹೋಗ್ರಿ, ನಾಳೆ ಮುಂಜಾನೆ ತಣ್ಣಗಿದ್ದಾಗ ಟ್ಯಾಪೆಟ್ ನೋಡ್ತೀನಿ."

ವಾಲ್ವು ಮತ್ತು ಅದನ್ನು ಒತ್ತುವ ರಾಕರಿನ ನಡುವೆ ಕೂದಲೆಳೆಯಷ್ಟು ಸಂದಿ ಇರಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಅದಕ್ಕೆ ಜಾಗ. ಸಿಎನ್‌ಜಿ ಒಣ ಇಂಧನ, ಪೆಟ್ರೋಲಿನ ಪಸೆ ಅದರಲ್ಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಓಡಿದರೆ ವಾಲ್ವು ಕೂರುವ ಸೀಟು ಸವೆಯುತ್ತದೆ, ವಾಲ್ವು ಮೇಲೆ ಸರಿಯುತ್ತದೆ, ಸಂದಿ ಮುಚ್ಚುತ್ತದೆ. ತಣ್ಣಗಿದ್ದಾಗ ಹೇಗೋ ಮುಚ್ಚಿಕೊಳ್ಳುವ ವಾಲ್ವು ಬಿಸಿಯಾದಾಗ ಒಂದೆಳೆ ತೆರೆದೇ ಉಳಿಯುತ್ತದೆ. ಮೂರನೆಯದರ ಎಕ್ಸಾಸ್ಟ್ ವಾಲ್ವಿನ ಸಂದಿಗೆ ಫೀಲರ್ ಗೇಜಿನ (ಇವರ ಬಾಯಲ್ಲಿ "ಫಿಲ್ಲರ್") ಅತಿ ತೆಳ್ಳನೆಯ 0.05 ಮಿಲಿಮೀಟರಿನ ತಗಡೂ ಹೋಗಲಿಲ್ಲ. ಉಳಿದವೂ ಬಿಗಿಯಾಗಿದ್ದವು, ಇಷ್ಟಲ್ಲ. ಈ ಸಂದಿ ಮುಚ್ಚುವಾಗ ಸದ್ದೇ ಆಗುವುದಿಲ್ಲ, ನನ್ನ ಮೂರನೇ ಕಿವಿಗೆ ಕೇಳಿಸಲು ಅಲ್ಲೇನೂ ಇರಲಿಲ್ಲ. "ಟಕಟಕ ಅನ್ನೋ ಟ್ಯಾಪೆಟ್ಟಿಗೆ ಅಂಜಬ್ಯಾಡ್ರೀ ಸಾಹೇಬ್ರ, ಸಪ್ಪಳನ ಇಲ್ಲದ್ದಕ್ಕ ಅಂಜ್ರಿ."

ಎಂಟ್ಹತ್ತು ನಿಮಿಷಕ್ಕೆ ಒಂದರಂತೆ ಎಲ್ಲ ಸ್ಕ್ರೂ ಹೊಂದಿಸಿದರು. ಮತ್ತೆ ಬಿಸಿ ಮಾಡಿ ಗೇಜು ಹಾಕಿದರೆ ಮೂರನೆಯದು 155. ಪೂರ್ತಿ ಬರಲಿಲ್ಲ, ಸೀಟು ಸ್ವಲ್ಪ ಸುಟ್ಟಿದೆ ಅಂದರು. ಆದರೆ ಡ್ಯಾಶ್‌ಬೋರ್ಡಿನ ಮೇಲಿನ ಲೋಟದ ನೀರು ಅಲುಗಲಿಲ್ಲ. ಕವರ್ ಪ್ಯಾಕಿಂಗ್ 280, ಕೂಲಿ 1,200, ವೈರು ಪ್ಲಗ್ಗು ಸೇರಿ ಒಟ್ಟು 3,570. ಊರಿಗೆ ಹೋಗಿ ಬರುವಾಗ ಗ್ಯಾಸಿಗೆ ಹಾಕಬೇಡಿ, ಪೆಟ್ರೋಲಿನಲ್ಲೇ ಹೋಗಿ ಅಂತ ತಾಕೀತು ಮಾಡಿದರು.

ಪಂಚಮಿ ಮರುದಿನ ಗದಗ ಬಿಟ್ಟೆವು. ಅವ್ವ ಮೊದಲು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದಳು, ಯಾರ ಕೈಯನ್ನೂ ಹಿಡಿಯದೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿದೆವು. ಧಾರವಾಡದಲ್ಲಿ ಪೇಢೆ ಬೇಡ ಅಂದವಳು ಬೆಳಗಾವಿಯಲ್ಲಿ ಕುಂದಾ ತೆಗೆದುಕೋ ಅಂದಳು. ನಿಪ್ಪಾಣಿ, ಕೊಲ್ಹಾಪುರ, ಕರಾಡ ಎಲ್ಲ ಮಳೆ. ಎನ್‌ಎಚ್ 4 (ಈಗ 48 ಅನ್ನಬೇಕಂತೆ) ಉದ್ದಕ್ಕೂ ರಸ್ತೆ ಕೆಲಸ. ಸಾತಾರಾ ಸಮೀಪ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತಾಗ ನಾನು ಉಸಿರು ಹಿಡಿದು ಸೀಟಿನಡಿಯ ನಡುಕಕ್ಕೆ ಕಾದೆ. ಅವ್ವ ಹಿಂದೆ ಕೂತ ಸೊಸೆಗೆ ಹೇಳುತ್ತಿದ್ದಳು, "ಇವ ಯಾಕ ಹಿಂಗ ಸುಮ್ಮನ ಕುಂತಾನ, ನಿದ್ದಿ ಬಂದೈತೇನ ನೋಡ."

ಅದಾದ ಮೇಲೆ 5,000 ಕಿಲೋಮೀಟರಿಗೆ ಮತ್ತೆ ಸಂದಿ ನೋಡಿಸಿದೆ. ಮೂರನೆಯದು ಕೂದಲೆಳೆಯಷ್ಟು ಮತ್ತೆ ಬಿಗಿದಿತ್ತು. ಅಂದರೆ ಸವೆತ ನಿಂತಿಲ್ಲ. ಒಂದು ದಿನ ಹೆಡ್ ಇಳಿಸಿ ವಾಲ್ವು, ಸೀಟು ಎರಡನ್ನೂ ಮಾಡಿಸಬೇಕು, ಮಷೀನ್ ಶಾಪಿನ ಕೂಲಿ ಸೇರಿ 14,000 ಅಂತ ಮಿಸ್ತ್ರಿಯ ಅಂದಾಜು. ಅಲ್ಲಿಯವರೆಗೆ ಪ್ರತಿ 5,000ಕ್ಕೆ ಒಮ್ಮೆ ಫೀಲರ್ ಗೇಜು. ಪುಣೆ, ಮುಂಬೈ ಕಡೆ ಹಳೇ ಗಾಡಿಗೆ ಗ್ಯಾಸ್ ಹಾಕಿಸಿಕೊಂಡು ಓಡಿಸುವ ನಮ್ಮವರು ಬಹಳ ಜನ ಇದ್ದೀರಿ. ಕೆಲವು ಎಂಜಿನ್‌ಗಳಲ್ಲಿ ಈ ಸಂದಿ ತಾನಾಗಿ ಹೊಂದಿಕೊಳ್ಳುತ್ತದೆ, ಅವರಿಗೆ ಈ ತಲೆನೋವಿಲ್ಲ. ಸ್ಕ್ರೂ ಇರುವ ಎಂಜಿನ್ ಆದರೆ ಟ್ಯಾಪೆಟ್ ಕೊನೆಯ ಸಲ ಯಾವಾಗ ನೋಡಿಸಿದ್ದು ಅಂತ ಸರ್ವಿಸ್ ಪುಸ್ತಕ ತೆಗೆದು ನೋಡಿ. ನನ್ನ ಪುಸ್ತಕದಲ್ಲಿ ಆ ಕಾಲಮ್ಮಿಗೆ ಈಗ ಮಿಸ್ತ್ರಿಯ ಕೈಬರಹ ಬಿದ್ದಿದೆ, ಕನ್ನಡದಲ್ಲಿ.